ಸುರುಳಿನಳಿಗೆಯೂ ಸೀಸದ ಉರುಟುಗುಂಡೂ

ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ಉರುಟುಗುಂಡನ್ನು ನಳಿಗೆಯ ಬಾಯಿಂದ ತುಂಬುವ ಬಂದೂಕು ಹಲವು ಶತಮಾನಗಳ ಕಾಲ ಯುದ್ಧದಲ್ಲಿಯೂ ಬೇಟೆಯಲ್ಲಿಯೂ ಬಳಕೆಯಲ್ಲಿದ್ದಿತು. ಆ ಗುಂಡು ಗುರಿ ತಪ್ಪದಂತೆ ಅದನ್ನು ತುಂಬುವ ಕ್ರಮವೆಂತು ಎಂಬುದು ಸಾಹಿತ್ಯಾಭ್ಯಾಸಿಗಳಿಗೆ ದೂರದ ವಿಷಯವೆಂದು ತೋರಬಹುದು. ಆದರೆ ಲಕ್ಷ್ಯವು ಮೊದಲೋ ಲಕ್ಷಣವು ಮೊದಲೋ ಎಂದು ವೈಯಾಕರಣರು ವಿಚಾರಿಸುವ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ; ಉತ್ತರವನ್ನು ಹೇಳಲು ಸಾಕಾದಷ್ಟು ಆಧಾರಗಳೂ ಇವೆ.

ನಮ್ಮ ಶುಕ್ರನೀತಿಸಾರದಲ್ಲಿ ಬೃಹನ್ನಾಲಿಕ, ಲಘುನಾಲಿಕಗಳೆಂಬ ಆಯುಧಗಳೂ ಅಗ್ನಿಚೂರ್ಣವೂ ಸೀಸದ ಗುಂಡೂ ಹೇಳಲ್ಪಟ್ಟಿವೆ. ಇದರಿಂದ ಪ್ರಾಚೀನ ಭಾರತದಲ್ಲಿ ಬಂದೂಕಿದ್ದಿತೆಂದು ಸಾಧಿಸಹೊರಟವರುಂಟು. ಆ ಭಾಗವು ಅರ್ವಾಚೀನವೆಂಬುದೇ ಅನೇಕ ವಿದ್ವಾಂಸರ ಮತ. ಅದಂತಿರಲಿ, ಗುರಿ ಹಿಡಿಯುವ ಬಿಂದುಗಳನ್ನು ಕೂಡ ಮರೆಯದ ಆ ಗ್ರಂಥಕಾರನು ನಳಿಗೆಯೊಳಗಿನ ಸುರುಳಿತೋಡುಗಳ ಮಾತನ್ನೆತ್ತಿಲ್ಲ. ಆದುದರಿಂದ ಪ್ರಕೃತವಿಷಯದ ಚರಿತ್ರೆಯನ್ನು ಯೂರೋಪಿನಲ್ಲಿಯೇ ಹುಡುಕಬೇಕಾಗಿದೆ.

ಒಳಮೈ ನುಣುಪಾದ ಬಂದೂಕಿನಲ್ಲಿ ಗುಂಡು ನಳಿಗೆಗಿಂತ ಸಣ್ಣದಾಗಿರುವುದು ವಾಡಿಕೆ. ‘ಬ್ರೌನ್ ಬೆಸ್’ ಎಂದು ಹೆಸರಾದ ಆಂಗ್ಲರ ಮಸ್ಕೆಟ್ಟಿನ ನಳಿಗೆಯ ವ್ಯಾಸವು ಸುಮಾರು ಮುಕ್ಕಾಲು ಅಂಗುಲ. ಗುಂಡಿನದು ಅಂಗುಲದ ನೂರು ಭಾಗಗಳಲ್ಲಿ ಸುಮಾರು ೬೯. ಮದ್ದಿನ ಮಸಿ ಕಟ್ಟಿದ ಮೇಲೆಯೂ ಬೇಗನೆ ತುಂಬಲು ಈ ಸಡಿಲವು ಬೇಕು. ಆದರೆ ಸಡಿಲವಾದ ಗುಂಡು ನಳಿಗೆಯ ಮಗ್ಗುಲುಗಳನ್ನು ತಾಗುತ್ತ, ಯಾವುದೋ ಒಂದು ದಿಕ್ಕಿಗೆ ಉರುಳುತ್ತ ಹೊರಬೀಳುತ್ತದೆ. ಆ ದಿಕ್ಕು ಯಾವುದೆಂಬುದು ಹೊಡೆಯುವವನ ಅಧೀನದಲ್ಲಿಲ್ಲ.

ಜರ್ಮನ್ ನಾಡುಗಳ ಕಮ್ಮಾರರು ೧೫ನೆಯ ಶತಮಾನದ ಕೊನೆ ಮತ್ತು ೧೬ನೆಯ ಶತಮಾನದ ಆದಿಭಾಗಗಳಲ್ಲಿ ನಳಿಗೆಯೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದರು. ಗುಂಡು ಆ ತೋಡುಗಳನ್ನು ಹಿಡಿದರೆ ತನ್ನ ಪಥವನ್ನೇ ಅಕ್ಷವಾಗಿ ಮಾಡಿಕೊಂಡು ತಿರುಗುತ್ತದೆ. ಹಿಡಿಯುವಂತೆ ಮಾಡುವುದೇ ಕಷ್ಟ. ಬಿಗಿಯಾದ ಗುಂಡನ್ನು ಸುತ್ತಿಗೆಯಿಂದ ಬಡಿದು ಇಳಿಸಿದರೆ ಮೆದುವಾದ ಸೀಸವು ಜಜ್ಜಿ ಆಕಾರಗೆಡುತ್ತದೆ, ಕಾಲವೂ ವ್ಯರ್ಥ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಜಿಡ್ಡು ಸವರಿದ ಬಟ್ಟೆಯ ಅಥವಾ ತೆಳುದೊಗಲಿನ ತುಂಡು. ಅದನ್ನು ನಳಿಗೆಯ ಬಾಯಮೇಲೆ ಹಾಸಿ, ಸ್ವಲ್ಪ ಸಣ್ಣದಾದ ಗುಂಡನ್ನು ಅದರ ಮೇಲಿಟ್ಟು, ಸಲಾಕೆಯಿಂದ ಮದ್ದಿಗೆ ತಾಗುವವರೆಗೆ ಒತ್ತಿ ಇಳಿಸುವುದು. ಸೀಸವು ಕೆಡುವುದಿಲ್ಲ, ತೋಡುಗಳ ಹಿಡಿತವು ಬಟ್ಟೆಯ ಮೂಲಕ ಗುಂಡಿಗೆ ದೊರೆಯುತ್ತದೆ, ಹೊರಬಂದೊಡನೆ ಬಟ್ಟೆ ಕಳಚಿಬೀಳುತ್ತದೆ. ಇದನ್ನು ಅಮೆರಿಕದ ಕಾಡಿಗರು ಕಂಡುಹಿಡಿದರೆಂದು ಜನಪ್ರಿಯ ಪುಸ್ತಕಗಳು ಹೇಳುತ್ತವೆ. ಅದು ನಿಲ್ಲುವ ಮಾತಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನು ಇದು ಜರ್ಮನಿ, ಸ್ವಿಟ್ಜರ್ಲೆಂಡುಗಳ ಕೆಲವು ಕಡೆಗಳಲ್ಲಿ ರೂಢಿಯಲ್ಲಿರುವುದೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಪೆನ್ಸಿಲ್ವೇನಿಯದಲ್ಲಿ ಉದ್ದನಳಿಗೆಯ ರೈಫಲುಗಳನ್ನು ಮಾಡಿದ ಕಮ್ಮಾರರಲ್ಲಿ ಬಹುಮಂದಿ ಆ ನಾಡುಗಳಿಂದ ಬಂದವರೇ.

ಎರಕದಲ್ಲಿಯೂ ಒಂದು ಸೂಕ್ಷ್ಮವಿದೆ. ಸೀಸವು ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ, ಆರಿದಾಗ ಕುಗ್ಗುತ್ತದೆ. ಅಚ್ಚಿನ ಬಾಯ ಬಳಿ ಹೊಯ್ದ ಮೊಳೆಯನ್ನು ಕತ್ತರಿಸಿದಲ್ಲಿ ಗುಂಡಿಗೆ ಒಂದು ಚಪ್ಪಟೆಮಚ್ಚೆ ಉಳಿಯುತ್ತದೆ. ಅದರ ಕೆಳಗೆ ಟೊಳ್ಳು ಉಳಿಯುವುದೂ ಉಂಟು. ಇಂತಹ ಗುಂಡಿನ ಭಾರಕೇಂದ್ರವು ನಡುವಿನಿಂದ ತುಸು ಸರಿದಿರುತ್ತದೆ. ಮಚ್ಚೆಯು ಮಗ್ಗುಲಿಗೆ ಬಂದರೆ ಭಾರವು ಅಕ್ಷದಿಂದ ಹೊರಗಾಗಿ ಗುಂಡು ಓಲಾಡುತ್ತ ಹೊರಡುವುದು. ಅಕ್ಷದ ಮೇಲೆಯೇ ನಿಂತರೆ ಸುತ್ತಲೂ ಭಾರವು ಸಮವಾಗುವುದು. ಆದುದರಿಂದಲೇ ಬಲ್ಲವರು ಮಚ್ಚೆಯನ್ನು ಮೇಲ್ಮುಖವಾಗಿ, ನಳಿಗೆಯ ನಟ್ಟನಡುವೆ ಇರಿಸಿ ತುಂಬುತ್ತಾರೆ. ಮೇಲಿದ್ದರೆ ನಡುವಿನಲ್ಲಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲದರ ಲಕ್ಷಣವನ್ನು ಬರೆದವನು ಮೇಲೆ ಹೇಳಿದ ರಾಬಿನ್ಸನು. ೧೭೪೨ರಲ್ಲಿ ಅವನು ಗುಂಡೆಸೆತದ ಹೊಸ ತತ್ತ್ವಗಳನ್ನು ಪ್ರಕಟಿಸಿದನು. ೧೭೪೭ರಲ್ಲಿ ಸುರುಳಿನಳಿಗೆಯ ವಿಷಯವಾಗಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. ಅವನು ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹೊಡೆದಾಗ, ಗುಂಡು ಎಡಕ್ಕೆ ಹೊರಟು ಬಳಿಕ ಬಲಕ್ಕೆ ಬಾಗಿತು. ಬಲಮಗ್ಗುಲನ್ನು ಉಜ್ಜಿ ಪಡೆದ ತಿರುಗುವಿಕೆಯೇ ಗಾಳಿಯೊಡಗೂಡಿ ಅದನ್ನು ಬಾಗಿಸಿತೆಂದು ಅವನ ಸಿದ್ಧಾಂತ. ೧೭೪೫ರಲ್ಲಿ ಅವನ ಗ್ರಂಥಕ್ಕೆ ಜರ್ಮನ್ ಭಾಷೆಯಲ್ಲಿ ವ್ಯಾಖ್ಯಾನ ಬರೆದ ಮಹಾಗಣಿತಜ್ಞ ಆಯ್ಲರನು ಇದನ್ನೊಪ್ಪದೆ, ಗುಂಡಿನ ಆಕಾರದೋಷವೇ ಕಾರಣವೆಂದನು. ೧೯ನೆಯ ಶತಮಾನದ ಮಧ್ಯದಲ್ಲಿ ಮ್ಯಾಗ್ನಸನ ಪ್ರಯೋಗಗಳಿಂದ ರಾಬಿನ್ಸನ ಪಕ್ಷವೇ ಗೆದ್ದಿತು. ಆ ವೇಳೆಗೆ ರಾಬಿನ್ಸನು ಗತಿಸಿ ನೂರು ವರ್ಷಗಳಾಗಿದ್ದವು. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಬಲಪಡಿಸಲೆಂದು ಭಾರತಕ್ಕೆ ಬಂದ ಅವನು ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡಿದ್ದನು.

೧೮೦೦ರಲ್ಲಿ ಬ್ರಿಟಿಷರು ಅಂಗೀಕರಿಸಿದ ಬೇಕರ್ ರೈಫಲಿನಲ್ಲಿ ಏಳು ತೋಡುಗಳಿದ್ದವು. ಗುಂಡಿಗೆ ಜಿಡ್ಡುದೊಗಲಿನ ಹೊದಿಕೆ. ಮೊದಮೊದಲು ಸಿಪಾಯಿಗಳಿಗೆ ಪುಟ್ಟ ಕೊಡತಿಗಳನ್ನೂ ಕೊಟ್ಟು ಬಳಿಕ ಬಿಟ್ಟರು. ನಿಧಾನವೆಂಬ ದೋಷ ಮಾತ್ರ ಉಳಿಯಿತು. ಅದನ್ನು ನೀಗಿದುದು, ಸಲೀಸಾಗಿ ಇಳಿದು ಮದ್ದಿನ ಒತ್ತಡದಿಂದ ಅಡಿ ಹಿಗ್ಗುವ ನೀಳಗುಂಡು. ದಕ್ಷಿಣ ಭಾರತದಲ್ಲಿ ಊದುಗೊಳವೆಯ ಬಾಣಗಳ ಅಡಿಯಲ್ಲಿ ತಾವರೆಯ ಬೆಂಡು ಉಸಿರಿಗೆ ಹಿಗ್ಗಿ ಕೊಳವೆಯನ್ನು ಮುಚ್ಚುವುದನ್ನು ಕಂಡು ಕ್ಯಾಪ್ಟನ್ ನಾರ್ಟನನು ಈ ಬಗೆಯ ಗುಂಡನ್ನು ಯೋಚಿಸಿದನೆಂಬ ಹೇಳಿಕೆಯಿದೆ. ೧೮೪೯ರಲ್ಲಿ ಫ್ರಾನ್ಸಿನ ಮಿನಿಯೆ ಅದನ್ನು ಬಳಕೆಗೆ ತಂದನು. ಅಲ್ಲಿಂದ ಮುಂದೆ ಸೇನೆಗಳಲ್ಲಿ ಉರುಟುಗುಂಡಿನ ಕಾಲ ಬೇಗನೆ ಮುಗಿಯಿತು. ಗುರಿಸ್ಪರ್ಧೆಗಳಲ್ಲಿ ಹಳೆಯ ಕ್ರಮವನ್ನು ಉಳಿಸಿಕೊಂಡವರು ಇಂದಿಗೂ ಇದ್ದಾರೆ.

ಹೀಗೆ ಸುರುಳಿತೋಡಿಗೂ ಅದರ ಶಾಸ್ತ್ರಕ್ಕೂ ನಡುವೆ ಎರಡು ಶತಮಾನಗಳಿಗಿಂತ ಹೆಚ್ಚಿನ ಅಂತರವಿದೆ. ಆ ಅವಧಿಯಲ್ಲಿ ವಿದ್ಯೆಯನ್ನು ಕಾಪಾಡಿದವರು ಕಮ್ಮಾರರೂ ಬೇಟೆಗಾರರೂ. ಅವರು ಗ್ರಂಥಗಳನ್ನು ಬರೆಯಲಿಲ್ಲವಾದುದರಿಂದ ನಮ್ಮ ಚರಿತ್ರೆಗಳಲ್ಲಿ ಅವರಿಗೆ ಸ್ಥಾನ ದೊರೆಯದೆಹೋಯಿತು. ಗ್ರಂಥದಲ್ಲಿಲ್ಲದುದು ವಿದ್ಯೆಯಲ್ಲವೆಂದು ತಳ್ಳುವುದೂ, ಗ್ರಂಥದಲ್ಲಿ ಒಂದು ಶಬ್ದ ಕಂಡೊಡನೆ ವಿದ್ಯೆಯಿದ್ದಿತೆಂದು ಸಾಧಿಸುವುದೂ ಒಂದೇ ದೋಷದ ಎರಡು ಮುಖಗಳು. ನಮ್ಮ ನಾಡಿನ ಶಿಲ್ಪವಿದ್ಯೆಗಳ ಚರಿತ್ರೆಯನ್ನು ಬರೆಯುವವರು ಕೋಶಗಳೊಡನೆ ಕುಲುಮೆಗಳನ್ನೂ ನೋಡಿ ಬರೆಯುವುದು ಯುಕ್ತ.