ಹೊಸ ವರ್ಷ ಮತ್ತು ವಾರ್ಷಿಕ ಸತ್ಯವೇದ ಪಠಣ

ಜನವರಿ ಮೊದಲ ದಿನ ಆದಿಕಾಂಡ ತೆರೆದು, ದಿನಕ್ಕಿಷ್ಟು ಅಧ್ಯಾಯವೆಂದು ಓದುತ್ತ ಡಿಸೆಂಬರ್ ಕೊನೆಗೆ ಸತ್ಯವೇದವನ್ನು ಪೂರ್ತಿ ಮುಗಿಸುವ ರೂಢಿ ಪ್ರಾಟೆಸ್ಟಂಟ್ ಸಭೆಗಳಲ್ಲಿ ವ್ಯಾಪಕವಾಗಿದೆ. ಇಂದು ಇದನ್ನು ಒಬ್ಬೊಬ್ಬ ವಿಶ್ವಾಸಿಯ ಖಾಸಗಿ ಸಂಕಲ್ಪವೆಂದು ಭಾವಿಸುವವರೇ ಹೆಚ್ಚು. ಆದರೆ ಈ ರೂಢಿ ಹುಟ್ಟಿದ್ದು ಸಭೆಯ ಕೂಡು ಓದಾಗಿ. ಯೆಹೂದಿ ಸಭಾಮಂದಿರಗಳು ಮೋಶೆಯ ಐದು ಗ್ರಂಥಗಳನ್ನು ವಾರವಾರಕ್ಕೆ ಹಂಚಿಕೊಂಡು ಓದುತ್ತಿದ್ದವು. ಬಾಬಿಲೋನಿಯದ ಕ್ರಮದಲ್ಲಿ ಅದು ವರ್ಷಕ್ಕೊಮ್ಮೆ ಮುಗಿದರೆ, ಪ್ಯಾಲೆಸ್ಟೀನಿನ ಕ್ರಮದಲ್ಲಿ ಸುಮಾರು ಮೂರು ವರ್ಷ ಹಿಡಿಯುತ್ತಿತ್ತು. ಕ್ರೈಸ್ತರ ಭಾನುವಾರದ ಕೂಟದಲ್ಲಿ ಹೊತ್ತು ಇರುವಷ್ಟೂ ಅಪೊಸ್ತಲರ ಮತ್ತು ಪ್ರವಾದಿಗಳ ಬರಹಗಳನ್ನು ಓದುತ್ತಿದ್ದರೆಂದು 2ನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ದಾಖಲಿಸಿದ್ದಾನೆ. ಕೈಬರಹದ ಪ್ರತಿಗಳು ದುಬಾರಿಯಾಗಿದ್ದ ಆ ಕಾಲದಲ್ಲಿ ಬಹುಪಾಲು ಜನರಿಗೆ ವಾಕ್ಯ ಸಿಗುತ್ತಿದ್ದದ್ದು ಕಿವಿಯ ಮೂಲಕ.

ಬಹುತೇಕ ಇಡೀ ಗ್ರಂಥವನ್ನು ಜನವರಿಯಿಂದ ಡಿಸೆಂಬರಿನವರೆಗೆ ಹಂಚಿದ ಪ್ರಭಾವಶಾಲಿ ಯೋಜನೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಅವರದು. ಓದಿನ ಭಾಗಗಳು ತುಂಡುತುಂಡಾಗಿ, ಆರಂಭವಾಗಿ ಅರ್ಧಕ್ಕೇ ನಿಂತುಹೋಗುತ್ತಿವೆ ಎಂಬ ಕೊರಗು ಇಂಗ್ಲೆಂಡಿನ ಸಭೆಯ 1549ರ ಪ್ರಾರ್ಥನಾ ಪುಸ್ತಕದ ಮುನ್ನುಡಿಯಲ್ಲಿದೆ. ಅದಕ್ಕೆ ಪರಿಹಾರವಾಗಿ ಹಳೇ ಒಡಂಬಡಿಕೆಯ ಬಹುಭಾಗ ವರ್ಷಕ್ಕೊಮ್ಮೆ, ಪ್ರಕಟನೆಯನ್ನು ಬಿಟ್ಟು ಹೊಸ ಒಡಂಬಡಿಕೆ ಮೂರು ಬಾರಿ, ಕೀರ್ತನೆಗಳು ತಿಂಗಳಿಗೊಮ್ಮೆ ಬರುವಂತೆ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಗಳಿಗೆ ಪಾಠಗಳನ್ನು ಗೊತ್ತುಮಾಡಲಾಯಿತು. ಸಭೆಯ ವರ್ಷ ಶುರುವಾಗುವುದು ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಿಂದ. ಹಾಗಿರುವಾಗ ಜನವರಿಯ ಆರಂಭ ಲೌಕಿಕ ಹೊಸ ವರ್ಷದ ಅನುಕರಣೆಯಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ. ಇಂಗ್ಲೆಂಡಿನಲ್ಲಿ ಕಾನೂನಿನ ವರ್ಷ 1751ರವರೆಗೂ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಸಭೆಯ ವರ್ಷವನ್ನೂ ಸರ್ಕಾರದ ವರ್ಷವನ್ನೂ ಹಿಡಿಯದೆ ಕ್ರ್ಯಾನ್ಮರ್ ಪಂಚಾಂಗದ ತಿಂಗಳುಗಳನ್ನು ಹಿಡಿದರು. ಹಬ್ಬಗಳ ದಿನ ಹಿಂದುಮುಂದಾದರೂ ಸರಣಿ ಓದು ಕೆಡುವುದಿಲ್ಲವೆಂಬುದೇ ಅದರ ಪ್ರಯೋಜನ. ಹೊಸ ವರ್ಷದ ಸಂಭ್ರಮಕ್ಕೂ ಅದಕ್ಕೂ ಸಂಬಂಧ ಕಾಣುವುದಿಲ್ಲ.

ಇನ್ನೊಂದು ಧಾರೆ ಜರ್ಮನಿಯ ಹೆರ್ನ್‌ಹುಟ್‌ನದು. 1728ರ ಮೇ 3ರ ಸಂಜೆ ಅಲ್ಲಿನ ಮೊರಾವಿಯನ್ ಸಭೆಗೆ ಅದರ ಮುಖಂಡ ಕೌಂಟ್ ಜಿನ್‌ಜೆಂಡಾರ್ಫ್ ಮರುದಿನದ ವಚನವೊಂದನ್ನು ಕೊಟ್ಟರು. ಅದನ್ನು ಮನೆಮನೆಗೆ ಮುಟ್ಟಿಸಲಾಯಿತು. 1731ರಿಂದ ಇಡೀ ವರ್ಷದ ವಚನಗಳು ಪುಸ್ತಕವಾಗಿ ಅಚ್ಚಾಗುತ್ತಿವೆ. ಇಂದಿಗೂ ಆ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಸಂದರ್ಭದಿಂದ ಕಿತ್ತ ಒಂಟಿ ವಚನ ಓದುಗನ ಮನಸ್ಸಿಗೆ ಬೇಕಾದ ಅರ್ಥವನ್ನೇ ಕೊಟ್ಟೀತು ಎಂಬ ಆತಂಕ ನ್ಯಾಯವಾದದ್ದೇ. ಆದರೆ ಒಂದೇ ದಿನ ಒಂದೇ ವಚನವನ್ನು ಎಲ್ಲರೂ ಧ್ಯಾನಿಸುವಾಗ ಅರ್ಥವೂ ಹತ್ತು ಜನರ ನಡುವೆ ಪರೀಕ್ಷೆಗೊಳ್ಳುತ್ತದೆ. ಒಂಟಿಯಾಗಿ ಓದುವವನಿಗೆ ಆ ರಕ್ಷಣೆ ಇಲ್ಲ.

ಸರಣಿ ಓದು, ಕೂಡು ಧ್ಯಾನ ಈ ಎರಡೂ ಗುಣಗಳನ್ನು ಚೆನ್ನಾಗಿ ಬೆಸೆದವರು ಸ್ಕಾಟ್ಲೆಂಡಿನ ಡಂಡೀ ನಗರದ ಸಂತ ಪೇತ್ರನ ಸಭೆಯ ಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್. 1842ರ ಕೊನೆಯಲ್ಲಿ ತಮ್ಮ ಸಭೆಗೆಂದು ಅವರು ಸಿದ್ಧಪಡಿಸಿದ ಪಟ್ಟಿ ಜನವರಿ 1ರಂದು ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು ಈ ನಾಲ್ಕರ ಮೊದಲ ಅಧ್ಯಾಯಗಳಿಂದ ಶುರುವಾಗುತ್ತದೆ. ಎರಡು ಅಧ್ಯಾಯ ಕುಟುಂಬ ಪ್ರಾರ್ಥನೆಗೆ, ಎರಡು ಏಕಾಂತದ ಓದಿಗೆ. ದಿನದ ಲೆಕ್ಕ ಮುಗಿಸುವ ಆತುರದಲ್ಲಿ ಓದು ಯಾಂತ್ರಿಕವಾಗುವುದಿಲ್ಲವೇ ಎಂದು ಕೇಳುವವರಿಗಿಂತ ಮೊದಲೇ ಅವರು ಆ ಅಪಾಯವನ್ನು ಹೆಸರಿಸಿದ್ದರು: ಬರಿಯ ಆಚಾರ, ಓದಿದೆನೆಂಬ ಅಹಂ, ಅಜಾಗರೂಕತೆ, ಹೊರಲಾಗದ ಭಾರ. ಆದರೂ ಯೋಜನೆಯನ್ನು ಅವರು ಕೈಬಿಡಲಿಲ್ಲ. ತಂದೆತಾಯಿ ಮಕ್ಕಳಿಗೆ ಪ್ರಶ್ನೆ ಕೇಳಲು, ನೆರೆಯವರು ಮಾತಾಡಿಕೊಳ್ಳಲು, ಪಾಲಕನಿಗೆ ತನ್ನ ಮಂದೆ ಎಲ್ಲಿ ಮೇಯುತ್ತಿದೆಯೆಂದು ತಿಳಿಯಲು ಒಂದೇ ಪಾಠ ನೆರವಾಗುತ್ತದೆಂಬುದು ಅವರ ವಾದ. ಯಾಜಕಕಾಂಡದ ಬಳಿ ಸೋತು ನಿಲ್ಲುವ ಇಂದಿನ ಎಷ್ಟೋ ಓದುಗರಿಗೆ ಕೊರತೆಯಾಗಿರುವುದು ಶಿಸ್ತಿಗಿಂತ ಹೆಚ್ಚಾಗಿ ಈ ಒಡನಾಟವೇ. ಮೆಕ್‌ಶೇನ್ 1843ರ ಮಾರ್ಚ್ 25ರಂದು, 29ನೇ ವಯಸ್ಸಿನಲ್ಲಿ ತೀರಿಕೊಂಡರು; ಪಟ್ಟಿ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಕನ್ನಡದಲ್ಲಿ ಇಂಥ ಓದು ಸಾಧ್ಯವಾದದ್ದು ಅನುವಾದದಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ತೊಡಗಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆಯಿತು. ಓದಿನಂತೆ ಹೊಸ ವರ್ಷದ ಸಂಕಲ್ಪವನ್ನೂ ಸಭೆ ಒಟ್ಟಾಗಿ ಮಾಡುವ ಕ್ರಮವೊಂದು ಇಲ್ಲಿದೆ. ಮೆಥಡಿಸ್ಟ್ ಚಳವಳಿಯ ಮುಖಂಡ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ನಡೆಸಿದ, ಮುಂದೆ ಹೊಸ ವರ್ಷದೊಂದಿಗೆ ಬೆಸೆದುಕೊಂಡ ಒಡಂಬಡಿಕೆಯ ಆರಾಧನೆ, 1947ರಲ್ಲಿ ಒಂದಾದ ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮಕ್ಕೂ ಸೇರಿತು. ಅದರಲ್ಲಿ ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ ಮಾತನ್ನು ಇಡೀ ಸಭೆ ಒಟ್ಟಾಗಿ ಹೇಳುತ್ತದೆ.