ಮೈಸೂರಿಗೆ ಹೊಂಟ ರೈಲು, ಬುಟ್ಟಿ ಹೊತ್ತ ಹೆಣ್ಮಕ್ಕಳು

ವೈನಿ, ಮಾವಶಿ, ಬಾಜೂ ಮನಿ ಅಕ್ಕಾವ್ರ, ಬೆಂಗಳೂರಿಗೆ ಮಕ್ಕಳ ಮನಿಗೆ ಬಂದಾಗ ಒಂದು ಶನಿವಾರ ರೈಲು ಹತ್ತಿ ಮೈಸೂರಿಗೆ ಹೋಗಿ, ರವಿವಾರ ಸಂಜಿಗೆ ವಾಪಸ್ ಬರ್ರಿ. ಸುಮಾರು 138 ಕಿಲೋಮೀಟರ್ ದಾರಿ. ಎರಡು ದಿನ ಭಾಂಡೆ ತಿಕ್ಕೂದಿಲ್ಲ, ನಾಳೆ ಏನು ಪಲ್ಯಾ ಅನ್ನೋ ಚಿಂತಿಲ್ಲ. ಕಿಡಕಿ ಕಡೆ ಕೂತು ರಾಮನಗರದ ಬಂಡಿಗಲ್ಲಿನ ಗುಡ್ಡಾ, ಮಂಡ್ಯದ ಕಬ್ಬಿನ ಗದ್ದಿ ನೋಡಕೋತ, ಮದ್ದೂರು ವಡಿ ತಿನಕೋತ ಹೋದ್ರ ಅರ್ಧಾ ದಣಿವು ದಾರಿಯೊಳಗ ಇಳೀತದ.

ನಾವು ಹಿಂಗ ತಿನಕೋತ ಹೋಗೋ ಈ ದಾರಿ ಉಪವಾಸದ ಕಾಲದಾಗ ಹುಟ್ಟಿದ್ದು ನೋಡ್ರಿ.

1876ರಾಗ ಮಳಿ ಕೈ ಕೊಟ್ಟಿತು. ಅದು ಧಾತು ಸಂವತ್ಸರ. ಮುಂದಿನ ಈಶ್ವರ ಸಂವತ್ಸರದಾಗೂ ಹಾಹಾಕಾರ ನಿಲ್ಲಲಿಲ್ಲ. ಅದಕ್ಕ ಮಂದಿ ಅದನ್ನ ಧಾತು ಈಶ್ವರದ ಬರ ಅಂದ್ರು. ಮದ್ರಾಸಿನಿಂದ ಬೆಂಗಳೂರಿಗೆ 1864ರಿಂದನ ರೈಲು ಇತ್ತು, ಕಾಳು ಅಲ್ಲೀತನಕಾ ಬರತಿತ್ತು. ಅಲ್ಲಿಂದ ಮುಂದ ಎತ್ತಿನ ಗಾಡಿನ ಗತಿ. ಆದ್ರ ಎತ್ತಿಗೇ ಮೇವಿಲ್ಲ! 1871ರ ಜನಗಣತಿಯೊಳಗ ಮೈಸೂರು ಸಂಸ್ಥಾನದಾಗ 50 ಲಕ್ಷದ ಮ್ಯಾಲೆ ಮಂದಿ ಇದ್ರು. 1881ರಾಗ ಎಣಿಸಿದ್ರ 42 ಲಕ್ಷನೂ ಇಲ್ಲ. ಎಷ್ಟು ಮನಿಯೊಳಗ ಒಲಿ ಆರಿರಬೇಕು, ನೀವ ಹೇಳ್ರಿ.

ಆಗ ಸಂಸ್ಥಾನ ಬ್ರಿಟಿಷರ ಕೈಯಾಗಿತ್ತು. ಸೋತವರಿಗೆ ಗಂಜಿ ಕೊಟ್ಟು, ಮೈಯಾಗ ಕಸುವಿದ್ದವರಿಗೆ ಕೆಲಸಾ ಮಾಡಿ ಕೂಲಿ ತೊಗೋರಿ ಅಂದ್ರು. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣಿನ ಕೆಲಸಾನೂ ಹಂಗ ಬರಗಾಲದ ಕಾಮಗಾರಿ ಆಗಿ ಶುರು ಆತು. ಇಂಥಾ ಕಾಮಗಾರಿಯೊಳಗ ಗಂಡಸರು ಅಗದ್ರ, ಹೆಂಗಸರು, ಹುಡುಗ್ರು ಬುಟ್ಟಿ ಹೊತ್ತು ಮಣ್ಣು ಹಾಕತಿದ್ರು. ಹೆಂಗಸರಿಗೆ ಕೂಲಿ ಮಾತ್ರ ಕಡಿಮಿ.

1881ರಾಗ ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಬಂತು. ರಂಗಾಚಾರ್ಲು ದಿವಾನರಾಗಿದ್ದಾಗ, 1882ರಾಗ, ರೈಲು ಮೈಸೂರು ಮುಟ್ಟಿತು. ಆಗ ಮೀಟರ್ ಗೇಜ್. ಈಗ ಬ್ರಾಡ್ ಗೇಜ್, ಜೋಡಿ ಹಳಿ, ಕರೆಂಟಿನ ಎಂಜಿನ್ನು.

ಅರಮನಿ ನೋಡಿದವರಿಗೆ ಅರಸರ ಹೆಸರು ನೆನಪಿರತದ. ಬುಟ್ಟಿ ಹೊತ್ತಾಕಿ ಹೆಸರು ಯಾರೂ ಬರದಿಡಲಿಲ್ಲ. ಅಕಿನೂ ನಮ್ಮಂಗ ಮಕ್ಕಳಿಗೆ ರಾತ್ರಿಗೆ ಏನು ಉಣಸಲಿ ಅನ್ಕೋತನ ಮಣ್ಣು ಹೊತ್ತಿರಬೇಕು. ಅಕಿ ಹಾಕಿದ ದಾರಿಯೊಳಗ ಇವತ್ತು ನಾವು ಗಂಡಸರನ್ನ ಕಾಯದ, ಗೆಳತ್ಯಾರು ಕೂಡಿ ತಿರಗಾಡಲಿಕ್ಕೆ ಹೋಗ್ತೀವಿ.

ಹೋಗ್ರಿ, ಹಾಯಾಗಿ ಹೋಗಿ ಬರ್ರಿ. ಮಕ್ಕಳು ಜೋಡಿ ಇದ್ರ ಅರಮನಿ ಕಥಿ ಜೋಡಿ ಇದನ್ನೂ ಹೇಳ್ರಿ. ಡಬ್ಬಿಯೊಳಗ ಉಳದ ಮೊಸರನ್ನಾ ಮಾತ್ರ ಕಿಡಕಿ ಹೊರಗ ಚೆಲ್ಲಬ್ಯಾಡ್ರಿ.