ಮೋಟಾರ್ ಸೈಕಲ್ಲಿನ ಸಾಲವೂ ಬಡ್ಡಿಯ ಮೇರೆಯೂ

ಕನ್ನಡದ ‘ಬಡ್ಡಿ’ ಎಂಬ ಮಾತು ಸಂಸ್ಕೃತದ ‘ವೃದ್ಧಿ’ ಶಬ್ದದ ತದ್ಭವವೆಂಬುದು ವಿದ್ವಾಂಸರು ಬಲ್ಲ ಸಂಗತಿ. ಹಣವು ಕಾಲದೊಡನೆ ಬೆಳೆಯತಕ್ಕದ್ದೆಂಬ ಭಾವನೆಯೇ ಈ ಹೆಸರಿಗೆ ಮೂಲ. ಆ ಬೆಳವಣಿಗೆ ಎಷ್ಟಿರಬೇಕು, ಯಾವ ಆಧಾರದ ಮೇಲೆ ಅದನ್ನು ಗೊತ್ತುಮಾಡಬೇಕು, ಎಲ್ಲಿ ಅದು ನಿಲ್ಲಬೇಕು ಎಂಬ ಮೂರು ಪ್ರಶ್ನೆಗಳನ್ನು ಕನ್ನಡನಾಡಿನ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ವಿಚಾರಮಾಡಿದ್ದರು. ಮೋಟಾರ್ ಸೈಕಲ್ಲನ್ನು ಸಾಲದ ಮೇಲೆ ಕೊಳ್ಳುವ ಈಗಿನ ಪದ್ಧತಿಗಳಲ್ಲಿ, ವಿಶೇಷವಾಗಿ ತಯಾರಕರ ಹೆಸರನ್ನು ಹೊತ್ತು ಮೊದಲ ಕೆಲವು ತಿಂಗಳು ಬಡ್ಡಿಯೇ ಇಲ್ಲವೆಂದು ಆಸೆ ತೋರಿಸುವ ಕ್ರೆಡಿಟ್ ಕಾರ್ಡಿನಲ್ಲಿ, ಅವೇ ಮೂರು ಪ್ರಶ್ನೆಗಳು ಮರಳಿ ಎದುರಾಗುತ್ತವೆ. ಅವುಗಳಲ್ಲಿ ಕೊನೆಯದಕ್ಕೆ ಹಿಂದೆ ಇದ್ದ ಉತ್ತರವು ಈಗ ಇಲ್ಲವಾಗಿರುವುದೇ ಈ ಸಾಲದ ನಿಜವಾದ ಹೊಸತನವೆಂಬುದು ಅದರ ಇತಿಹಾಸವನ್ನು ಪರಿಶೀಲಿಸಿದರೆ ವ್ಯಕ್ತವಾಗುತ್ತದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಸ್ಮೃತಿಯ ಋಣಾದಾನಪ್ರಕರಣದ ಪ್ರಕಾರ ಒತ್ತೆಯಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಪಾಲು, ಎಂದರೆ ವರ್ಷಕ್ಕೆ ಶೇಕಡ ೧೫, ಬಡ್ಡಿಯಾಗತಕ್ಕದ್ದು. ಒತ್ತೆಯಿಲ್ಲದ ಸಾಲಕ್ಕೆ ವರ್ಣಕ್ರಮದಿಂದ ತಿಂಗಳಿಗೆ ಶೇಕಡ ೨, ೩, ೪, ೫ ಎಂದು ದರವು ಏರುತ್ತದೆ. ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರಿಗೆ ಶೇಕಡ ೧೦, ಸಮುದ್ರಯಾನ ಮಾಡುವವರಿಗೆ ಶೇಕಡ ೨೦. ವರ್ಣಾನುಸಾರವಾದ ಭೇದವು ಇಂದಿನ ನ್ಯಾಯಬುದ್ಧಿಗೆ ಸಮ್ಮತವಲ್ಲ. ಕೆಳಗಿನವನೆಂದು ಎಣಿಸಲ್ಪಟ್ಟವನು ಹೆಚ್ಚು ಬಡ್ಡಿಯನ್ನು ತೆರಬೇಕಾಗಿದ್ದಿತು. ಅದನ್ನು ಬಿಟ್ಟು ನೋಡಿದರೆ ಈ ವ್ಯವಸ್ಥೆಯ ತಿರುಳು ಇಷ್ಟು: ಕೊಟ್ಟ ಹಣವು ಹಿಂದಿರುಗದೆ ಹೋಗುವ ಭಯ ಹೆಚ್ಚಿದಷ್ಟೂ ಬಡ್ಡಿಯು ಹೆಚ್ಚುತ್ತದೆ, ಒತ್ತೆಯು ಆ ಭಯವನ್ನು ಕಳೆಯುವುದರಿಂದ ಬಡ್ಡಿಯನ್ನೂ ಇಳಿಸುತ್ತದೆ.

ಒತ್ತೆಯಲ್ಲಿಯೂ ಎರಡು ಬಗೆಗಳನ್ನು ಶಾಸ್ತ್ರವು ಹೇಳುತ್ತದೆ. ಸಾಲಿಗನು ಜೋಪಾನವಾಗಿ ಇಟ್ಟುಕೊಳ್ಳಬೇಕಾದುದು ಗೋಪ್ಯ. ಬಡ್ಡಿಗೆ ಬದಲಾಗಿ ಅನುಭವಿಸಬಹುದಾದುದು ಭೋಗ್ಯ. ಗೋಪ್ಯವಾದುದನ್ನು ಬಳಸಿದವನಿಗೆ ಬಡ್ಡಿಯ ಹಕ್ಕು ತಪ್ಪುತ್ತದೆ. ಎರಡನೆಯ ಮಾತು ಇಂದಿಗೂ ಸತ್ತಿಲ್ಲ. ಗಿರಿನಗರ, ಬನಶಂಕರಿ ಮೊದಲಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಯೊಡೆಯನಿಗೆ ದೊಡ್ಡ ಮೊತ್ತವೊಂದನ್ನು ಕೊಟ್ಟು, ಅವಧಿ ಮುಗಿಯುವವರೆಗೆ ಬಾಡಿಗೆಯಿಲ್ಲದೆ ವಾಸಿಸುವುದಕ್ಕೆ ಜನರು ‘ಭೋಗ್ಯ’ವೆಂದೇ ಹೇಳುತ್ತಾರೆ. ಅದೇ ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್ಲು ಸಾಲದ್ದಾಗಿದ್ದರೆ ಅದರ ಗತಿ ಬೇರೆ. ಅದು ಗೋಪ್ಯವೂ ಅಲ್ಲ, ಭೋಗ್ಯವೂ ಅಲ್ಲ: ಒತ್ತೆಯಾದ ವಸ್ತುವನ್ನು ಸಾಲಗಾರನೇ ಇಟ್ಟುಕೊಂಡು, ಸಾಲಗಾರನೇ ಅನುಭವಿಸುತ್ತಾನೆ.

ಬಡ್ಡಿಯು ಎಲ್ಲಿ ನಿಲ್ಲಬೇಕೆಂಬುದಕ್ಕೂ ಸ್ಮೃತಿಯಲ್ಲಿ ಮೇರೆಯುಂಟು. ಚಿನ್ನದ ಸಾಲವು ಇಮ್ಮಡಿಗಿಂತಲೂ, ಧಾನ್ಯದ್ದು ಮೂರುಮಡಿಗಿಂತಲೂ, ಬಟ್ಟೆಯದು ನಾಲ್ಕುಮಡಿಗಿಂತಲೂ ಹೆಚ್ಚಾಗಕೂಡದು. ಬಡ್ಡಿಯು ಅಸಲನ್ನು ಮೀರಕೂಡದೆಂಬ ಈ ನಿಯಮವು ‘ದಾಮದುಪ್ಪಟ’ವೆಂಬ ಹೆಸರಿನಿಂದ ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿಯೂ ಉಳಿಯಿತು, ಆದರೆ ಎಲ್ಲೆಡೆಯಲ್ಲಿ ಅಲ್ಲ. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಇದನ್ನು ಮನ್ನಿಸುತ್ತಿದ್ದವು. ಮದರಾಸು ಪ್ರಾಂತದವು ಮನ್ನಿಸುತ್ತಿರಲಿಲ್ಲ. ಆದುದರಿಂದ ಧಾರವಾಡದ ಸಾಲಗಾರನಿಗೆ ದೊರೆಯುತ್ತಿದ್ದ ರಕ್ಷಣೆಯು ಮಂಗಳೂರಿನವನಿಗೆ ದೊರೆಯುತ್ತಿರಲಿಲ್ಲ. ಒಂದೇ ಭಾಷೆಯ ಜನರಲ್ಲಿ ಬಡ್ಡಿಯ ಮೇರೆಯು ಪ್ರಾಂತದ ಗಡಿಯನ್ನು ಅನುಸರಿಸಿದ್ದಿತು.

ಇನ್ನು ವಾಹನದ ಕಡೆಗೆ ತಿರುಗಬಹುದು. ಕನ್ನಡನಾಡಿನಲ್ಲಿ ಮೋಟಾರ್ ಸೈಕಲ್ಲಿನ ತಯಾರಿಕೆಗೆ ಹೆಸರಾದುದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ೧೯೬೦ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಸಹಕಾರದಿಂದ ೧೯೬೧ರಲ್ಲಿ ತಯಾರಿಕೆಯನ್ನು ಆರಂಭಿಸಿತು. ೧೯೭೩ರಿಂದ ಅದರ ವಾಹನಗಳಿಗೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ಅದು ಆರಂಭವಾದ ಕಾಲವು ಪರವಾನಗಿಯ ಕಾಲ. ಎಷ್ಟು ವಾಹನಗಳನ್ನು ತಯಾರಿಸಬೇಕೆಂಬುದನ್ನು ೧೯೫೧ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಶಾಸನದಂತೆ ಸರ್ಕಾರವು ಗೊತ್ತುಮಾಡುತ್ತಿದ್ದಿತು. ಸ್ಕೂಟರುಗಳ ಹಂಚಿಕೆಗಂತೂ ೧೯೬೦ರಲ್ಲಿ ಪ್ರತ್ಯೇಕವಾದ ನಿಯಂತ್ರಣಾಜ್ಞೆಯೇ ಹೊರಟಿತು. ಸ್ಕೂಟರು ಬೇಕಾದವನು ಠೇವಣಿಯನ್ನಿಟ್ಟು, ಹೆಸರು ಬರೆಯಿಸಿ, ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ವಸ್ತುವು ಕೈಸೇರುವುದಕ್ಕೆ ಬಹು ಮುಂಚೆಯೇ ಅವನ ಹಣವು ಕಟ್ಟಿಬಿದ್ದಿರುತ್ತಿದ್ದಿತು. ಮಾರುವವನಿಗೆ ಸಾಲಕೊಟ್ಟು ಗಿರಾಕಿಯನ್ನು ಕರೆಯುವ ಅಗತ್ಯವೇ ಇರಲಿಲ್ಲ.

ಈ ಸ್ಥಿತಿಯು ೧೯೮೦ರ ದಶಕದಲ್ಲಿ ತಲೆಕೆಳಗಾಯಿತು. ೧೯೮೪ರಲ್ಲಿ ಗಡಿಯಾಚೆಯ ಹೊಸೂರಿನಿಂದ ಇಂಡ್-ಸುಜುಕಿ, ೧೯೮೫ರಲ್ಲಿ ಹೀರೋ ಹೋಂಡಾ ಎಂಬ ಜಪಾನೀ ತಂತ್ರದ ಹಗುರ ವಾಹನಗಳು ಮಾರುಕಟ್ಟೆಗೆ ಬಂದವು. ಕಾಯುವ ಗಿರಾಕಿಯನ್ನು ಈಗ ಹುಡುಕಿಕೊಂಡು ಹೋಗಬೇಕಾಯಿತು. ೧೯೮೭ರಲ್ಲಿ ಬಜಾಜ್ ಆಟೋ ಫೈನಾನ್ಸ್ ಎಂಬ ಸಂಸ್ಥೆಯು ತಯಾರಕರಿಂದಲೇ ಸ್ಥಾಪಿತವಾಯಿತು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಇಂಥದೇ ಸಾಲದ ಅಂಗವನ್ನು ೧೯೧೯ರಷ್ಟು ಹಿಂದೆಯೇ ಕಟ್ಟಿದ್ದಿತು. ಹಿಂದೆ ಕೊಳ್ಳುವವನ ಹಣವು ಮುಂಗಡವಾಗಿ ನಿಂತಿದ್ದರೆ ಈಗ ತಯಾರಕನೇ ಕೊಳ್ಳುವವನಿಗೆ ಸಾಲಿಗನಾದನು.

ಈ ಸಾಲದ ಮೊದಲ ರೂಪವು ಬಾಡಿಗೆ-ಖರೀದಿ. ಕೊನೆಯ ಕಂತು ತೀರುವವರೆಗೆ ವಾಹನವು ಹಣಕೊಟ್ಟವನದು. ಕೊಂಡವನು ಬಾಡಿಗೆದಾರ ಮಾತ್ರ. ಇಂಥ ಒಪ್ಪಂದಗಳನ್ನು ಹದ್ದಿನಲ್ಲಿಡುವುದಕ್ಕಾಗಿ ಪಾರ್ಲಿಮೆಂಟು ೧೯೭೨ರಲ್ಲಿ ಒಂದು ಶಾಸನವನ್ನು ಮಾಡಿತು. ಆದರೆ ಅದು ಆಚರಣೆಗೆ ಬಾರದೆಯೇ ಉಳಿದು, ೨೦೦೫ರಲ್ಲಿ ರದ್ದಾಯಿತು. ಎರಡನೆಯ ರೂಪದಲ್ಲಿ ಒಡೆತನವು ಕೊಂಡವನದೇ; ಸಾಲವು ವಾಹನದ ಮೇಲೆ ಹೊರೆಯಾಗಿರುತ್ತದೆ. ೧೯೮೮ರ ಮೋಟಾರು ವಾಹನ ಶಾಸನದ ೫೧ನೆಯ ಕಲಮಿನಂತೆ ಈ ಎರಡು ಬಗೆಯ ಸಾಲವೂ ನೋಂದಣಿಪತ್ರದಲ್ಲಿ ದಾಖಲಾಗಬೇಕು. ಸಾಲಿಗನ ಒಪ್ಪಿಗೆಯಿಲ್ಲದೆ ವಾಹನವನ್ನು ಬೇರೆಯವರ ಹೆಸರಿಗೆ ಮಾಡಿಕೊಡಲಾಗದು. ಕಂತು ತಪ್ಪಿದವನ ಮನೆಯ ಮುಂದಿನಿಂದ ವಾಹನವನ್ನು ಒಯ್ಯುವ ಬೆದರಿಕೆಯು ಇಲ್ಲಿ ಯಾವಾಗಲೂ ಇರುತ್ತದೆ. ಆದರೆ ಒತ್ತೆಯಿರುವುದರಿಂದ ಬಡ್ಡಿಯು ಕಡಮೆ, ಅವಧಿಯೂ ನಿಶ್ಚಿತ.

ಕಾರ್ಡಿನ ಸಾಲವು ಇವೆರಡರಿಂದಲೂ ಭಿನ್ನ. ಅಮೆರಿಕದಲ್ಲಿ ೧೯೯೨ರಲ್ಲಿ ಜನರಲ್ ಮೋಟಾರ್ಸಿನ ಹೆಸರಿನ ಕಾರ್ಡು ಹೊರಟಿತು. ಮುಂದೆ ಮೋಟಾರ್ ಸೈಕಲ್ ತಯಾರಕರ ಹೆಸರಿನ ಕಾರ್ಡುಗಳ ಮೇಲೆ ವಾಹನವನ್ನೇ ಮಾರುವ ಕ್ರಮವು ಅಲ್ಲಿ ಬೆಳೆಯಿತು. ಭಾರತದಲ್ಲಿ ೨೦೧೭ರಲ್ಲಿ, ಹಿಂದೆ ಹೇಳಿದ ಬಜಾಜ್ ಸಾಲಸಂಸ್ಥೆಯು ಆರ್‌ಬಿಎಲ್ ಬ್ಯಾಂಕಿನೊಡನೆ ಕೂಡಿ ಕಾರ್ಡನ್ನು ಹೊರಡಿಸಿತು. ಬ್ಯಾಂಕಿನ ಸಾಧಾರಣ ಕಾರ್ಡಿನಿಂದ ಕೊಂಡ ವಾಹನದ ನೋಂದಣಿಪತ್ರದಲ್ಲಿ ಸಾಲಿಗನ ಹೆಸರಿರುವುದಿಲ್ಲ. ವಾಹನವು ಮೊದಲ ದಿನದಿಂದಲೇ ಕೊಂಡವನದು, ಮಾರುವುದಕ್ಕೂ ಅಡ್ಡಿಯಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಒತ್ತೆ ಬಿಟ್ಟುಹೋದ ಸ್ಥಳದಲ್ಲಿ ಅಬಂಧಕ ಋಣದ ದರವು ಬಂದು ಕೂರುತ್ತದೆ. ಆಕರ್ಷಣೆಯ ಅವಧಿ ಮುಗಿದ ಮೇಲೆ ಉಳಿದ ಬಾಕಿಗೆ ತಿಂಗಳಿಗೆ ಶೇಕಡ ೩ರಿಂದ ೩½ರವರೆಗೆ ಬಡ್ಡಿಯನ್ನು ಹಾಕುವುದು ರೂಢಿ. ಯಾಜ್ಞವಲ್ಕ್ಯನು ಒತ್ತೆಯಿಲ್ಲದ ಸಾಲಕ್ಕೆ ಹೇಳಿದ ೨ರಿಂದ ೫ರ ನಡುವೆಯೇ ಈ ದರವು ಬೀಳುವುದು ಗಮನಾರ್ಹ. ಲಕ್ಷ ರೂಪಾಯಿಯ ಬಾಕಿಗೆ ಶೇಕಡ ೩ರಂತೆ ಮೊದಲ ತಿಂಗಳ ಬಡ್ಡಿಯೇ ೩,೦೦೦ ರೂಪಾಯಿ; ಕನಿಷ್ಠ ಮೊತ್ತವೆಂದು ೫,೦೦೦ ರೂಪಾಯಿ ಕಟ್ಟಿದವನ ಅಸಲಿನಲ್ಲಿ ಇಳಿಯುವುದು ೨,೦೦೦ ಮಾತ್ರ. ಬಡ್ಡಿಯ ಮೇಲೆ ಶೇಕಡ ೧೮ರ ತೆರಿಗೆಯು ಬೇರೆ.

ಮೊದಲ ತಿಂಗಳುಗಳಲ್ಲಿ ಬಡ್ಡಿಯಿಲ್ಲವೆಂಬ ಮಾತನ್ನೂ ಪರೀಕ್ಷಿಸಬೇಕು. ರೊಕ್ಕ ಕೊಟ್ಟರೆ ೯೬,೦೦೦ ರೂಪಾಯಿಗೆ ಸಿಗುವ ವಾಹನವನ್ನು ೧೨ ಕಂತುಗಳಲ್ಲಿ ಲಕ್ಷ ರೂಪಾಯಿಗೆ ‘ಬಡ್ಡಿಯಿಲ್ಲದೆ’ ಮಾರಿದರೆ, ಹೆಚ್ಚಾದ ೪,೦೦೦ ರೂಪಾಯಿಯು ಬೆಲೆಯ ವೇಷ ತೊಟ್ಟ ಬಡ್ಡಿಯೇ ಸರಿ. ತಿಂಗಳು ತಿಂಗಳಿಗೂ ಇಳಿಯುವ ಬಾಕಿಯ ಮೇಲೆ ಎಣಿಸಿದರೆ ಅದು ವರ್ಷಕ್ಕೆ ಸುಮಾರು ಶೇಕಡ ೭½ ಆಗುತ್ತದೆ. ಭಾರತೀಯ ರಿಜರ್ವ್ ಬ್ಯಾಂಕು ೨೦೧೩ರ ಸೆಪ್ಟೆಂಬರ್ ೧೭ರ ಸುತ್ತೋಲೆಯಲ್ಲಿ ಶೂನ್ಯಬಡ್ಡಿ ಎಂಬುದೇ ಇಲ್ಲವೆಂದು ಸಾರಿ, ಬಡ್ಡಿಯನ್ನು ಇತರ ಶುಲ್ಕಗಳ ಹೆಸರಿನಲ್ಲಿ ಮರೆಮಾಡುವುದನ್ನು ಆಕ್ಷೇಪಿಸಿತು.

ಉಳಿದುದು ಮೂರನೆಯ ಪ್ರಶ್ನೆ. ಬಡ್ಡಿಯು ಅತಿಯಾಯಿತೆಂಬ ಕಾರಣದಿಂದ ಬ್ಯಾಂಕಿನ ವ್ಯವಹಾರವನ್ನು ನ್ಯಾಯಾಲಯವು ಮತ್ತೆ ತೆರೆಯಕೂಡದೆಂದು ಬ್ಯಾಂಕುಗಳ ಶಾಸನಕ್ಕೆ ೧೯೮೪ರಲ್ಲಿ ಜಾರಿಗೆ ಬಂದ ೨೧-ಎ ಕಲಮು ವಿಧಿಸಿತು. ೨೦೦೮ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡ ೩೦ನ್ನು ಮೀರಿದ ಬಡ್ಡಿಯು ಅನುಚಿತ ವ್ಯಾಪಾರವೆಂದು ತೀರ್ಪಿತ್ತಿತು. ಸುಪ್ರೀಂ ಕೋರ್ಟು ೨೦೨೪ರ ಡಿಸೆಂಬರ್ ೨೦ರಂದು ಆ ತೀರ್ಪನ್ನು ತಳ್ಳಿಹಾಕಿ, ಬಡ್ಡಿಯ ವಿಚಾರವು ರಿಜರ್ವ್ ಬ್ಯಾಂಕಿಗೆ ಸೇರಿದುದೆಂದಿತು. ರಿಜರ್ವ್ ಬ್ಯಾಂಕಿನ ೨೦೨೨ರ ನಿರ್ದೇಶನವು ಕನಿಷ್ಠ ಮೊತ್ತವನ್ನು ಕಟ್ಟಿದ ಮೇಲೂ ಬಾಕಿಯು ಬೆಳೆಯದಂತೆ ಲೆಕ್ಕವಿರಬೇಕೆಂದೂ, ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಗಳನ್ನು ಬಡ್ಡಿಯ ಲೆಕ್ಕಕ್ಕಾಗಿ ಅಸಲಿಗೆ ಸೇರಿಸಕೂಡದೆಂದೂ ಹೇಳಿತು; ಆದರೆ ಬಡ್ಡಿಯು ಇಷ್ಟಕ್ಕೆ ನಿಲ್ಲತಕ್ಕದ್ದೆಂಬ ಅಂಕೆಯನ್ನು ಅದು ಹಾಕಲಿಲ್ಲ.

ಹಳೆಯ ಮೇರೆಗೂ ಇಂದಿನ ದರಕ್ಕೂ ಇರುವ ಅಂತರವನ್ನು ಒಂದು ಲೆಕ್ಕದಿಂದ ಕಾಣಬಹುದು. ಎಂಬತ್ತನೆಯ ಪಾಲಿನ ದರದಲ್ಲಿ ಬಡ್ಡಿಯು ಅಸಲಿಗೆ ಸಮನಾಗಲು ೮೦ ತಿಂಗಳು ಬೇಕು, ಮತ್ತು ಅಲ್ಲಿಗೆ ಅದು ನಿಲ್ಲುತ್ತದೆ. ತಿಂಗಳಿಗೆ ಶೇಕಡ ೩½ರಂತೆ, ಏನನ್ನೂ ಕಟ್ಟದಿದ್ದವನ ಮೇಲೆ, ಬರಿಯ ಸಾದಾ ಬಡ್ಡಿಯೇ ೨೯ ತಿಂಗಳೊಳಗೆ ಅಸಲನ್ನು ಮುಟ್ಟುತ್ತದೆ. ಅಲ್ಲಿ ನಿಲ್ಲಬೇಕೆಂಬ ಕಟ್ಟು ಇಲ್ಲ. ಒತ್ತೆಯಿಲ್ಲದ ಸಾಲಕ್ಕೆ ಹೆಚ್ಚು ಬಡ್ಡಿಯೆಂಬ ಹಳೆಯ ನ್ಯಾಯದ ಅರ್ಧವನ್ನು ಈ ಕಾಲವು ಉಳಿಸಿಕೊಂಡಿದೆ. ಬಡ್ಡಿಗೂ ಒಂದು ಮೇರೆಯುಂಟೆಂಬ ಇನ್ನರ್ಧವನ್ನು ಕೈಬಿಟ್ಟಿದೆ.